ಗುಂಯ್ ಎನ್ನದ ಬೋರ್ಡು

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ತಂಗೀ,

ಹೇಗಿದ್ದೀಯೇ? ಆಸ್ಪತ್ರೆಯ ವಾರ್ಡಿನಲ್ಲಿ ದಿನವಿಡೀ ನಿಂತು ನಿನ್ನ ಕಾಲು ಊದಿಕೊಳ್ಳುತ್ತಿತ್ತಲ್ಲ, ಈಗ ವಾಸಿಯೇ? ಬಿಸಿನೀರಿನಲ್ಲಿ ಕಾಲಿಟ್ಟು ಸ್ವಲ್ಪ ಹೊತ್ತು ಕೂತುಕೋ ಎಂದರೆ ನೀನು ಕೇಳುವವಳಲ್ಲ. ನಾನು ಚೆನ್ನಾಗಿದ್ದೇನೆ. ನಿನ್ನ ಭಾವನಂತೂ ಬಹಳ ಚೆನ್ನಾಗಿದ್ದಾರೆ, ಅದೇ ಈಗ ನನ್ನ ಸಂಕಟ.

ಅವರ ಕೆಲಸ ನಿನಗೆ ಗೊತ್ತೇ ಇದೆ. ಮನೆಯಲ್ಲೇ ಆಂಪ್ಲಿಫೈಯರ್ ಮಾಡಿಕೊಳ್ಳುವ ಹುಚ್ಚಿನವರಿಗೆಲ್ಲ ಪವರ್ ಸಪ್ಲೈ ಬೋರ್ಡು ಕಟ್ಟಿಕೊಡುವುದು. ಊಟದ ಮೇಜಿನ ಮುಕ್ಕಾಲು ಭಾಗ ಅವರದು, ಉಳಿದ ಕಾಲು ಭಾಗದಲ್ಲಿ ನಮ್ಮಿಬ್ಬರ ತಟ್ಟೆ. ಬೆಸುಗೆ ಮುಗಿದ ಬೋರ್ಡಿಗೆ ಮೊದಲು ಒಂದು ಬಲ್ಬಿನ ಮೂಲಕ ಕರೆಂಟು ಬಿಡುತ್ತಾರೆ. ಬಲ್ಬು ಒಮ್ಮೆ ಹತ್ತಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟು. ಆಮೇಲೆ ಮೀಟರು. ಕೊನೆಯ ಪರೀಕ್ಷೆ ನನ್ನದು. ಇವರ ಕಿವಿ ಕಾರ್ಖಾನೆಯ ಯಂತ್ರಗಳ ನಡುವೆ ಎಂದೋ ಕೆಟ್ಟುಹೋಗಿದೆಯಲ್ಲ. ಬೋರ್ಡನ್ನು ನಮ್ಮ ಹಳೆಯ ಆಂಪ್ಲಿಫೈಯರಿಗೆ ಜೋಡಿಸಿ, ಹಾಡುಗೀಡು ಏನೂ ಹಾಕದೆ, ವಾಲ್ಯೂಮು ಪೂರ್ತಿ ತಿರುಗಿಸಿ, "ಬಾರೇ, ಕಿವಿ ಕೊಡು" ಎಂದು ಕರೆಯುತ್ತಿದ್ದರು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಸ್ಪೀಕರಿಗೆ ಕಿವಿ ಹಚ್ಚಬೇಕು. ಗುಂಯ್ ಎನ್ನುತ್ತಿದ್ದರೆ ಹೇಳಬೇಕು, ಇಲ್ಲದಿದ್ದರೆ "ಸುಮ್ಮನಿದೆ" ಎನ್ನಬೇಕು. ನಾನು ಹಾಗೆಂದ ಮೇಲೆಯೇ ಬೋರ್ಡಿನ ಮೂಲೆಗೆ ಕೆಂಪು ಶಾಯಿಯ ಗುರುತು ಬೀಳುತ್ತಿತ್ತು. ಇಪ್ಪತ್ತಾರು ವರ್ಷ ಕಣೇ!

ಈಗ ಆ ಜಾಗಕ್ಕೆ ಬೇರೊಬ್ಬಳು ಬಂದಿದ್ದಾಳೆ. ಮೇಲಿನ ಮನೆಗೆ ಬಾಡಿಗೆಗೆ ಬಂದಿರುವ ಪಿಟೀಲು ಟೀಚರು. ಎರಡು ತಿಂಗಳ ಹಿಂದೆ ನೀರಿನ ಮೋಟಾರಿನ ವಿಷಯ ಕೇಳಲು ಬಂದವಳು, ನಾನು ಆಗತಾನೇ ಸುಮ್ಮನಿದೆ ಎಂದಿದ್ದ ಬೋರ್ಡಿಗೆ ಬಾಗಿಲಲ್ಲಿ ನಿಂತೇ, "ಅಯ್ಯೋ, ಗುಂಯ್ ಅಂತಿದೆಯಲ್ಲಾ ಸಾರ್" ಎಂದುಬಿಟ್ಟಳು. ಇವರು ತಿರುವಿ ನೋಡಿದರೆ ಒಂದು ಬೆಸುಗೆ ಸರಿಯಾಗಿ ಕೂತಿರಲಿಲ್ಲ. ಅಷ್ಟೇ ಸಾಕಾಯಿತು. ಅಂದಿನಿಂದ ಪ್ರತಿ ಬೋರ್ಡಿಗೂ ಮೆಟ್ಟಿಲ ಬುಡದಲ್ಲಿ ನಿಂತು, "ಟೀಚರೇ, ಒಂದ್ನಿಮಿಷ ಬರ್ತೀರಾ" ಎಂದು ರಾಗ. ನನಗೆ "ಬಾರೇ", ಅವಳಿಗೆ "ಬರ್ತೀರಾ"! ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಾಳೆ, ಇವರು ಬಾಯಿ ತೆರೆದುಕೊಂಡು ಅವಳ ಮುಖ ನೋಡುತ್ತಾರೆ. ಚಹಾ ಮಾಡಿಕೊಡುವವಳು ನಾನು. "ಸಕ್ಕರೆ ಕಮ್ಮಿ ಅಕ್ಕಾ" ಎನ್ನುತ್ತಾಳೆ, ನಾನು ಎರಡು ಚಮಚ ಹೆಚ್ಚಿಗೇ ಸುರಿಯುತ್ತೇನೆ. ಮೊನ್ನೆ ಯಾರಿಗೋ ಫೋನಿನಲ್ಲಿ ಇವರು, "ಈಗ ನಮ್ಮಲ್ಲಿ ಸಂಗೀತದವರೇ ಟೆಸ್ಟ್ ಮಾಡ್ತಾರೆ" ಎಂದು ಬೀಗಿದರು. ಹಾಗಾದರೆ ಇಷ್ಟು ವರ್ಷ ಕಿವಿ ಕೊಟ್ಟಿದ್ದು ಬೀದಿಕಂಬವೇ? ಹೌದು, ನನಗೆ ಹೊಟ್ಟೆಕಿಚ್ಚು, ನಿನ್ನ ಹತ್ತಿರ ಮುಚ್ಚುಮರೆ ಏನು. ಅವಳ ಚಪ್ಪಲಿ ನಮ್ಮ ಬಾಗಿಲಲ್ಲಿ ಕಂಡರೆ ಮೈಯೆಲ್ಲ ಉರಿಯುತ್ತದೆ. ಅವಳ ಕಣ್ಣು ನನ್ನ ಗಂಡನ ಮೇಲಿದ್ದಿದ್ದರೆ ಪೊರಕೆ ಹಿಡಿದು ಒಂದೇ ದಿನದಲ್ಲಿ ಮುಗಿಸುತ್ತಿದ್ದೆ. ನನ್ನ ಕೆಲಸ ಕಿತ್ತುಕೊಂಡವಳನ್ನು ಏನೆಂದು ಬೈಯಲಿ, ಹೇಳು?

ಅದಕ್ಕೇ ಶನಿವಾರ ಒಂದು ಘನಕಾರ್ಯ ಮಾಡಿದೆ, ಓದಿ ನಗಬೇಡ. ಇವರು ಸಾಮಾನು ತರಲು ಹೋಗಿದ್ದರು. ಅವಳು ಒಪ್ಪಿ, ಕೆಂಪು ಗುರುತು ಬಿದ್ದ ಬೋರ್ಡು ಆಂಪ್ಲಿಫೈಯರಿಗೆ ಜೋಡಿಸಿದ ಹಾಗೆಯೇ ಮೇಜಿನ ಮೇಲಿತ್ತು. ಅದರ ಅರ್ತ್ ವೈರು ಸಡಿಲವಾದರೆ ಗುಂಯ್ ಎನ್ನುತ್ತದೆ. ಸಂಜೆ ಕೊಳ್ಳುವವರು ಬಂದು ಕೇಳಿದಾಗ ಟೀಚರಮ್ಮನ ಬಂಡವಾಳ ಬಯಲಾಗಲಿ ಎಂಬುದು ನನ್ನ ಉಪಾಯ. ಸ್ವಿಚ್ ಆರಿಸಿ, ಕೆಪಾಸಿಟರಿನಲ್ಲಿ ಉಳಿದ ಕರೆಂಟು ಇಳಿಯುವವರೆಗೆ ಕಾದು (ಇಷ್ಟು ವರ್ಷದಲ್ಲಿ ಅಷ್ಟೂ ಕಲಿತಿಲ್ಲವೇ), ಸ್ಕ್ರೂ ಸಡಿಲಿಸಿದೆ. ಸ್ವಿಚ್ ಹಾಕಿ ಕಿವಿ ಹಚ್ಚಿದೆ. ಸದ್ದಿಲ್ಲ. ಮತ್ತೆ ಆರಿಸಿ, ಕಾದು, ವೈರನ್ನೇ ಕಿತ್ತೆ. ವಾಲ್ಯೂಮು ಕೊನೆಯವರೆಗೆ ತಿರುಗಿಸಿದೆ. ಆಗಲೂ ಸದ್ದಿಲ್ಲ. ಈ ಹಾಳು ಬೋರ್ಡು ಕೂಡ ಅವಳ ಕಡೆಯೇ ಎಂದು ಬೈದುಕೊಳ್ಳುತ್ತಿರುವಾಗ ಅವಳು ದಡದಡ ಇಳಿದು ಬಂದು, "ಏನಕ್ಕಾ ಇದು, ನಮ್ಮನೆವರೆಗೂ ಗುಂಯ್ ಅಂತಿದೆ!" ಎಂದಳು. ಧೂಳು ಒರೆಸುತ್ತಿದ್ದೆ ಎಂದೆ. ಕೈಯಲ್ಲಿದ್ದದ್ದು ಸ್ಕ್ರೂಡ್ರೈವರು. ಅವಳು ಅದನ್ನು ನೋಡಿದಳು, ನನ್ನ ಮುಖವನ್ನೂ ಬಹಳ ಹೊತ್ತು ನೋಡಿದಳು. ಸ್ವಿಚ್ ಆರಿಸಿ, ನಾನು ವೈರು ಬಿಗಿಯುವವರೆಗೆ ಪಕ್ಕದಲ್ಲೇ ನಿಂತಿದ್ದು ಹೋದಳು. ಇವರಿಗೆ ಚಾಡಿಯನ್ನೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಹೊಸ ಬೋರ್ಡು ಸಿದ್ಧವಾಯಿತು. ಇವರು ಎಂದಿನಂತೆ ಮೆಟ್ಟಿಲ ಬುಡಕ್ಕೆ ಹೋಗಿ ಕರೆದರು. ಅವಳು ಮೂಗಿಗೆ ಕರ್ಚೀಫು ಹಿಡಿದುಕೊಂಡು ಬಂದು, "ಶೀತ ಆಗಿ ಕಿವಿ ಕಟ್ಟಿದೆ ಸಾರ್, ಅಕ್ಕನ್ನೇ ಕೇಳಿ" ಎಂದು ವಾಪಸ್ಸು ಹೋದಳು. ಇವರು ಪೆಚ್ಚುಮೋರೆ ಹಾಕಿಕೊಂಡು ಒಳಗೆ ಬಂದು, ಎರಡು ತಿಂಗಳ ಮೇಲೆ "ಬಾರೇ, ಕಿವಿ ಕೊಡು" ಎಂದರು. ಸ್ವಲ್ಪ ಕಾಯಿಸಿದೆ. ಕಾಯಲಿ! ಪಾತ್ರೆ ತೊಳೆದು, ಕೈ ಒರೆಸಿಕೊಂಡು, ರಾಣಿಯ ಹಾಗೆ ಬಂದು, ನಾನೂ ಕಣ್ಣು ಮುಚ್ಚಿಕೊಂಡು ಕಿವಿ ಹಚ್ಚಿ "ಸುಮ್ಮನಿದೆ" ಎಂದೆ. ಗುರುತು ಬಿತ್ತು. ಪೆಟ್ಟಿಗೆಗೆ ಹಾಕಿ ಪಾರ್ಸೆಲ್ ಕಳಿಸಲು ಹೋಗಿದ್ದಾರೆ. ನನ್ನ ಜಾಗ ನನಗೆ ಬಂತು, ನೋಡು.

ನಿನ್ನ ಮನೆಯವರನ್ನು ಕೇಳಿದೆ ಎಂದು ಹೇಳು. ಮಕ್ಕಳು ಓದಿ ಗಟ್ಟಿಯಾಗಲಿ, ನೀನು ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ಜಗಳಗಂಟಿ ಅಕ್ಕ

ಮ.ಬ.: ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅವಳಿಗೆ ಶೀತವೂ ಇಲ್ಲ, ಮಣ್ಣೂ ಇಲ್ಲ. ಶನಿವಾರ ಅವಳು ಹೇಳಿದ ಮೇಲೆ, ಸ್ವಿಚ್ ಆರಿಸುವ ಮೊದಲು, ಅವಳೆದುರೇ ಸ್ಪೀಕರಿನ ಮೇಲೆ ಅಂಗೈ ಇಟ್ಟು ನೋಡಿದೆ, ಅದು ಗಡಗಡ ನಡುಗುತ್ತಿತ್ತು. ನನ್ನ ಕಿವಿಗೆ ಏನೂ ಕೇಳಿಸಲಿಲ್ಲ. ನಿನ್ನ ಭಾವ ಯಾವಾಗಲೂ ಕಿರುಚಿಯೇ ಮಾತಾಡುವುದರಿಂದ, ಮನೆಗೆ ಬಂದವರೂ ಅವರ ಕಿವಿಗಾಗಿ ಗಟ್ಟಿಯಾಗಿಯೇ ಮಾತಾಡುವುದರಿಂದ ನನಗೆ ಇದು ತಿಳಿದೇ ಇರಲಿಲ್ಲ. ಇವತ್ತಿನ ಬೋರ್ಡು ಸುಮ್ಮನಿತ್ತೋ ಇಲ್ಲವೋ, ದೇವರಾಣೆಗೂ ನನಗೆ ಗೊತ್ತಿಲ್ಲ ಕಣೇ. ಅವಳು ಪಾಪ ಎಂದು ಬಿಟ್ಟುಕೊಟ್ಟಳು, ನಾನು ಸುಳ್ಳು ಹೇಳಿ ತೆಗೆದುಕೊಂಡೆ. ಅವಳ ಮೇಲಿನ ಉರಿ ಈಗ ಇನ್ನೂ ಜಾಸ್ತಿಯಾಗಿದೆ. ನಿಮ್ಮ ಆಸ್ಪತ್ರೆಯ ಕಿವಿ ಡಾಕ್ಟರ ಹತ್ತಿರ ಬೇಗ ಒಂದು ದಿನ ಗೊತ್ತು ಮಾಡು, ನಿನ್ನನ್ನು ನೋಡಿ ಬರುತ್ತೇನೆಂದು ಇವರಿಗೆ ಹೇಳಿ ಹೊರಡುತ್ತೇನೆ. ಯಾವ ದಿನವೆಂದು ಕಾಗದದಲ್ಲೇ ಬರೆ, ಫೋನ್ ಮಾಡಬೇಡ. ಫೋನು ಕೆಟ್ಟಿದೆ ಎಂದುಕೊಂಡು ಇಷ್ಟು ದಿನ ನೀನು ಹೇಳಿದ್ದಕ್ಕೆಲ್ಲ ನಾನು ಬರೀ ಹೂಂ ಎನ್ನುತ್ತಿದ್ದೆ.