ಜಾಮೀನು ಈಗ ಬೇಡ

ಕೊಪ್ಪಳ ಜೈಲು,
೧೮ ಆಗಸ್ಟ್ ೨೦೨೪

ಸೌಭಾಗ್ಯವತಿ ಅಮರಮ್ಮನಿಗೆ ನಿನ್ನ ಗಂಡ ಕನಕಪ್ಪನ ಆಶೀರ್ವಾದಗಳು. ನಾನಿಲ್ಲಿ ಉಸಿರಾಡಿಕೊಂಡಿದ್ದೇನೆ. ನೀನು, ಮಗಳು ಸುರೇಖಾ ನಮ್ಮ ಹಳ್ಳಿ ಮಂಗಳೂರಿನಲ್ಲಿ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ಬರೆಯಲು ಹದಿನೈದು ದಿನ ಹಿಡಿಯಿತು. ಬರೆಯಬೇಕಾದದ್ದು ನಿನಗೆ ಹಿಡಿಸುವಂಥದ್ದಲ್ಲ, ಅದಕ್ಕೇ ತಡವಾಯಿತು.

ನಿನ್ನಣ್ಣ ಗವಿಸಿದ್ದೇಶ ಜಾಮೀನಿಗೆ ತನ್ನ ಹೊಲದ ಪಹಣಿ ಕೊಡಲು ಒಪ್ಪಿದನೆಂದು ಬರೆದಿರುವೆ. ಐದು ವಾರ ತಡೆಯಲು ಅವನಿಗೆ ಹೇಳು. ಲಿವರಿಗೆ ಹತ್ತಿದ ಈ ಹೆಪಟೈಟಿಸ್ ಸಿ ರೋಗದ ಗುಳಿಗೆಯನ್ನು ಹನ್ನೆರಡು ವಾರ ಒಂದು ದಿನವೂ ಬಿಡದೆ ನುಂಗಬೇಕು. ಏಳು ವಾರ ಆಗಿದೆ. ಇಲ್ಲಿನ ನರ್ಸ್ ಶಿವಲೀಲಾ ಎದುರಿಗೇ ನುಂಗಿಸಿ, ಬಾಯಿ ತೆರೆಸಿ ನೋಡುತ್ತಾರೆ.

"ಹೊರಗ ಹೋದ್ರೂ ದವಾಖಾನಿಯಾಗ ಕೊಡ್ತಾರ, ನಾ ಚೀಟಿ ಬರದು ಕೊಡ್ತೀನಿ," ಎಂದು ಅವರು ಹೇಳಿದರು. ನನ್ನ ಪಕ್ಕದಲ್ಲಿ ಮಲಗುವ ಹೈದರಸಾಬನಿಗೂ ಹೀಗೆಯೇ ಚೀಟಿ ಕೊಟ್ಟಿದ್ದರು. ನಾಲ್ಕನೇ ವಾರ ಜಾಮೀನಾಗಿ ಊರಿಗೆ ಹೋದ. ಅಲ್ಲಿನ ದವಾಖಾನೆಯಲ್ಲಿ ಇವತ್ತು ಬಾ, ನಾಳೆ ಬಾ ಎಂದರಂತೆ. ಎರಡು ಬಸ್ಸು ಬದಲಿಸಿ ಎಷ್ಟು ಸಲ ಹೋದಾನು? ಬಿಟ್ಟುಬಿಟ್ಟ. ಕೋರ್ಟಿಗೂ ಹಾಜರಾಗದೆ ಮತ್ತೆ ಒಳಗೆ ಬಂದಿದ್ದಾನೆ, ಹೊಟ್ಟೆ ಊದಿಸಿಕೊಂಡು. "ಕನಕಪ್ಪ, ಗುಳಿಗಿ ಮುಗಿಯೂತನಾ ಹೊರಗ ಕಾಲಿಡಬ್ಯಾಡೋ," ಎಂದ.

ಈ ರೋಗ ಯಾವ ಕಾಲದ ಯಾವ ಸೂಜಿಯಿಂದ ಬಂತೋ ಗೊತ್ತಿಲ್ಲ. ಹೊರಗಿದ್ದಷ್ಟು ವರ್ಷ ಒಬ್ಬರೂ ನನ್ನ ರಕ್ತ ನೋಡಲಿಲ್ಲ. ನೋಡಬೇಕಾದರೆ ನಾನು ಕಳ್ಳ ಮರಳಿನ ಟ್ರ್ಯಾಕ್ಟರ್ ಹೊಡೆದು ಸಿಕ್ಕಿಬೀಳಬೇಕಾಯಿತು. ಆ ಟ್ರ್ಯಾಕ್ಟರಿನ ಧಣಿ ಮನೆಯಲ್ಲಿ ಆರಾಮವಾಗಿ ಉಂಡು ಮಲಗುತ್ತಾನೆ. ಸರ್ಕಾರಕ್ಕೆ ನಮ್ಮಂಥವರ ಜೀವದ ನೆನಪಾಗುವುದು ಬೀಗ ಹಾಕಿದ ಮೇಲೆಯೇ.

ಸುರೇಖಾ ಶಾಲೆ ತಪ್ಪಿಸದಿರಲಿ. ಅವಳು ಓದಿ ದೊಡ್ಡವಳಾಗಲಿ, ನೀನು ನೂರು ಕಾಲ ಬಾಳು.

ಇಂತಿ ನಿನ್ನ,
ಕನಕಪ್ಪ

ವಿ.ಸೂ.: ಗುಳಿಗೆಯ ಮಾತು ನಿಜ, ಆದರೆ ಅದೊಂದೇ ಅಲ್ಲ. ಹೋದ ಸಲ ಭೇಟಿಗೆ ಬಂದಾಗ ನಾನು ಜಾಲರಿಯಿಂದ ಬೆರಳು ಚಾಚಿದೆ. ಸುರೇಖಾ ಹಿಡಿಯಲು ಬಂದಳು. "ಅಪ್ಪಗ ಆರಾಮಿಲ್ಲವ್ವ, ಮುಟ್ಟಬ್ಯಾಡ," ಎಂದು ನೀನು ಅವಳನ್ನು ಹಿಂದಕ್ಕೆಳೆದೆ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಇದು ಬರುವುದಿಲ್ಲ, ರಕ್ತಕ್ಕೆ ರಕ್ತ ಸೇರಿದರೆ ಮಾತ್ರ ಎಂದು ಶಿವಲೀಲಾ ನಿನಗೆ ಬಿಡಿಸಿ ಹೇಳಿದ್ದರು. ನೀನು ತಲೆಯಾಡಿಸಿದ್ದೆ. ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಈಗಲೇ ಬಂದರೆ, ನನ್ನದೇ ಮನೆಯಲ್ಲಿ ಯಾವ ಲೋಟದಲ್ಲಿ ನೀರು ಕುಡಿಯಲಿ ಎಂದು ನಿನ್ನನ್ನು ಕೇಳಬೇಕಾಗುತ್ತದೆ. ಅದಕ್ಕಿಂತ ಈ ಜೈಲೇ ವಾಸಿ.