ಹದಿನೈದು ತಾಸಿನ ವಿಮಾನ

ಕಾತ್ರಜ, ಪುಣೆ
ಮಂಗಳವಾರ, 20 ಜನವರಿ 2026

ನನ್ನ ಮುದ್ದು ಸಪ್ನಾ,

ಕಾಲಿನ ಬಾವು ಇಳಿಯಿತೇ? ಊಟ ಸೇರುತ್ತಿದೆಯೇ? ಮಗು ಒದೆಯುತ್ತಿದೆಯೇ? ಮೊದಲು ಇದಕ್ಕೆ ಉತ್ತರ ಕಳಿಸು, ಆಮೇಲೆ ಉಳಿದದ್ದನ್ನು ಓದು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಅಳು ಬರುತ್ತದೆ, ಬೈಯುವುದು ಮರೆತುಹೋಗುತ್ತದೆ. ಅದಕ್ಕೇ ಕಾಗದದ ಮೇಲೆ ಬರೆದು ಫೋಟೊ ತೆಗೆದು ಕಳಿಸುತ್ತಿದ್ದೇನೆ. ಬೈಗುಳದಲ್ಲಿ ನಿನ್ನ ಪಾಲೂ ಇದೆ, ನಿನ್ನ ಗಂಡನ ಪಾಲು ಹೆಚ್ಚಿದೆ.

ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೇ ತಿಂಗಳಲ್ಲೇ ಬಾ, ಹಸಿರು ಸೀರೆ ಉಡಿಸಿ, ಬಸುರಿಯ ಉಡಿ ತುಂಬಿ ಕುಬಸ ಮಾಡಿ ಇಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಬಾಯಿ ಬಡಿದುಕೊಂಡೆ. ನಿನ್ನ ಅತ್ತೆ ಚಿಂಚವಾಡದಿಂದ ಫೋನು ಮಾಡಿ, "ಒಂಬತ್ತರಾಗ ಮಾಡೂಣ್ರಿ, ಅವಸರ ಯಾಕ್ರಿ?" ಎಂದರು. ನಿನ್ನ ಗಂಡ ಸಂಜು ಅಮ್ಮನ ಮಾತಿಗೆ ತಲೆಯಾಡಿಸಿ, ನೀವಿರುವ ಆಕ್ಲೆಂಡಿನಿಂದ ಪುಣೆಗೆ ಎಷ್ಟು ದೂರ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿ ನನಗೆ ಕಳಿಸಿದ: ಹನ್ನೆರಡು ಸಾವಿರ ಕಿಲೋಮೀಟರು, ಹದಿನೈದು ತಾಸು. "ಬರೇ ಹದಿನೈದು ತಾಸ್ರಿ ಅತ್ತಿ, ಮುಂಜಾನೆ ಹತ್ತಿದ್ರ ರಾತ್ರಿ ನಿಮ್ಮ ಮನ್ಯಾಗ ಉಂಡು ಮಲಗತಾಳ." ನಾನು ಪೆದ್ದಿ, ನಂಬಿದೆ. ಆ ಲೆಕ್ಕ ಹಕ್ಕಿಗೆ ಸರಿ. ಅಂಥ ನೇರ ವಿಮಾನವೇ ಇಲ್ಲ; ಎರಡು ಕಡೆ ಇಳಿದು ಹತ್ತಬೇಕು, ದಾರಿಯಲ್ಲೇ ಒಂದೂವರೆ ದಿನ ಎಂದು ಟಿಕೆಟ್ಟು ಕೈಗೆ ಬಂದ ಮೇಲೆ ಅವನಿಗೆ ತಿಳಿಯಿತಂತೆ. ತಿಳಿದರೂ ಬಾಯಿ ಬಿಡಲಿಲ್ಲ.

ವಿಮಾನದವರು ತಿಂಗಳು ಕೇಳುವುದಿಲ್ಲ, ವಾರ ಎಣಿಸುತ್ತಾರೆ. ನಾವಿಲ್ಲಿ "ಆಕಿಗೆ ಒಂಬತ್ತರಾಗ ಬಿದ್ದಾವ" ಎಂದು ಸಂಭ್ರಮಪಡುವಷ್ಟರಲ್ಲಿ ಅವರ ವಾರದ ಗಡುವು ಮೀರಿತ್ತು. ಇಷ್ಟು ದೂರಕ್ಕೆ ಬಿಡುವುದಿಲ್ಲ ಎಂದು ಕೌಂಟರಿನಿಂದಲೇ ತಿರುಗಿಸಿ ಕಳಿಸಿದರು. ತುಂಬಿದ ಬಸುರಿ ಪೆಟ್ಟಿಗೆ ಎಳೆದುಕೊಂಡು ಮನೆಗೆ ವಾಪಸು! ನೆನೆದರೆ ಮೈ ಉರಿಯುತ್ತದೆ. ಹಾಲಿನ ಪುಡಿಯ ಕಾರ್ಖಾನೆಯಲ್ಲಿ ಗ್ರಾಮು ಗ್ರಾಮು ತೂಗುವವನಿಗೆ ಹೆಂಡತಿಯ ವಾರ ಎಣಿಸಲು ಬರಲಿಲ್ಲವೇ? ನೀನಾದರೂ ಓದಿದವಳು. ಅತ್ತೆ ಹೇಳಿದರೆ ಹೂಂ, ಗಂಡ ಹೇಳಿದರೆ ಹೂಂ, ನಾನು ಹೇಳಿದರೆ ಮಾತ್ರ "ಅವ್ವಾ, ಗಾಬರಿ ಆಗಬ್ಯಾಡ".

ನಿಮ್ಮ ಅಪ್ಪ ಬಂಧುಗಳಿಗೆಲ್ಲ ಕುಬಸ ಇಲ್ಲ ಎಂದು ಫೋನು ಮಾಡಿದರು. ಎಲ್ಲರದೂ ಒಂದೇ ಪ್ರಶ್ನೆ, "ಹಂಗಾರ ಬಾಣಂತನ ಯಾರು ಮಾಡ್ತಾರ್ರಿ?" ನಿನ್ನೆ ನಿನ್ನ ಅತ್ತೆಯೂ ಅದನ್ನೇ ಕೇಳಿದರು. "ನಿಮ್ಮ ಮಗನ ಇಂಟರ್‌ನೆಟ್ ಮಾಡ್ತದ ಬಿಡ್ರಿ" ಎಂದು ಫೋನು ಇಟ್ಟೆ. ಬೀಗತಿಗೆ ಹಾಗೆ ಅನ್ನಬಾರದಿತ್ತು ಎಂದು ಅಪ್ಪ ಮುನಿಸಿಕೊಂಡಿದ್ದಾರೆ. ಮುನಿಸಿಕೊಳ್ಳಲಿ. ನಮ್ಮವರು ತಮ್ಮವರು ಇಲ್ಲದ ಊರಿನಲ್ಲಿ ನೋವು ತಿನ್ನಬೇಕಾದವಳು ನನ್ನ ಮಗಳು. ನನಗೆ ಹೆದರಿಕೆಯಾಗಿದೆ ಸಪ್ನಾ, ಅದಕ್ಕೇ ಇಷ್ಟು ಬೈಯುತ್ತಿದ್ದೇನೆ.

ಬಿಸಿನೀರು ಕುಡಿ, ಎಡಮಗ್ಗುಲಲ್ಲಿ ಮಲಗು. ನೀನು ಸುಖವಾಗಿ ಹಡೆದು ಎದ್ದು ಕೂತರೆ ನನಗೆ ಬೇರೆ ಏನೂ ಬೇಡ. ಸಂಜುವಿಗೆ ಈ ಸಲ ಅರ್ಧ ಆಶೀರ್ವಾದ.

ನಿನ್ನ ಅವ್ವ,
ಕಲ್ಲವ್ವ

ತಾ.ಕ.: ಏಳನೇ ತಿಂಗಳಲ್ಲಿ ನನ್ನ ಮಾತು ಯಾರೂ ಕೇಳದಿದ್ದಾಗಲೇ ಯಾರಿಗೂ ಹೇಳದೆ ವೀಸಾಕ್ಕೆ ಹಾಕಿದ್ದೆ. ಇವತ್ತು ಬಂತು. ಗುರುವಾರ ಹೊರಡುತ್ತೇನೆ. ಎಂದೂ ವಿಮಾನ ಹತ್ತಿದವಳಲ್ಲ, ಕಂಡವರನ್ನೆಲ್ಲ ಕೇಳುತ್ತ ಕೇಳುತ್ತ ಬರುತ್ತೇನೆ. ಹೊಟ್ಟೆಯಲ್ಲಿರುವ ಕೂಸಿಗೆ ಈಗಲೇ ಹೇಳಿಡು: "ಅಜ್ಜಿ ದಾರ್ಯಾಗ ಅದಾಳ, ಭಾಳ ಸಿಟ್ಟಿನಾಕಿ, ಆಕಿಗಿಂತ ಮೊದಲ ಬಂದ್ರ ನಿನಗೂ ಬೈತಾಳ."