ಡೋವರ್ ಬಂದರಿನಲ್ಲಿ ಡಿಕ್ಕಿ ತೆರೆದಾಗ

ಡೋವರ್, ಮಂಗಳವಾರ

ಅಮ್ಮಾ,

ಈ ಕಾರ್ಡು ತಲುಪುವಷ್ಟರಲ್ಲಿ ನಿನ್ನ ಮುದ್ದಿನ ಮಗ ಕ್ಲೆಮೆಂಟ್ ಮನೆಗೆ ಬಂದು ಹೋಗಿರುತ್ತಾನೆ. ಅವನು ಏನು ಹೇಳಿದನೋ ಕಾಣೆ, ನಡೆದದ್ದು ಇದು.

ಅಪ್ಪನ ಹಳೆಯ ಸ್ಪೋರ್ಟ್ಸ್ ಕಾರನ್ನು ತಮ್ಮನ ಜೊತೆ ಸಿಸಿಲಿ ದ್ವೀಪದವರೆಗೆ ಓಡಿಸಬೇಕೆಂದು ಆರು ತಿಂಗಳು ಅದರಡಿ ಮಲಗಿ ಸಜ್ಜು ಮಾಡಿದವಳು ನಾನು. ದಾರಿಯಲ್ಲಿ ಎಲ್ಲೂ ಸಿಗುವುದಿಲ್ಲವೆಂದು ಫ್ಯಾನ್ ಬೆಲ್ಟು, ಕ್ಲಚ್ ಕೇಬಲ್ಲು, ನೀರಿನ ಪಂಪು ಎಲ್ಲವನ್ನೂ ಹುಡುಕಿ ತಂದು ಪೆಟ್ಟಿಗೆ ಕಟ್ಟಿದ್ದೆ. ಹಡಗು ಹತ್ತುವ ಮುನ್ನ ಡಿಕ್ಕಿ ತೆರೆದರೆ ಪೆಟ್ಟಿಗೆಯೇ ಇಲ್ಲ! ಅಲ್ಲಿದ್ದದ್ದು ನಿನ್ನ ಕಿತ್ತಳೆ ಮಾರ್ಮಲೇಡಿನ ಹದಿನಾಲ್ಕು ಬಾಟಲಿ.

“ಆ ಕಬ್ಬಿಣಾನ ಶೆಡ್ಡಲ್ಲೇ ಬಿಟ್ಟೆ ಅಕ್ಕ. ಬೆಳಿಗ್ಗೆ ಬ್ರೆಡ್ಡಿಗೆ ಏನಾದ್ರೂ ಬೇಡ್ವಾ?” ಎಂದ ಕ್ಲೆಮೆಂಟ್.

“ಆಲ್ಪ್ಸ್ ಮೇಲೆ ಬೆಲ್ಟ್ ಹರಿದ್ರೆ ಇಂಜಿನ್‌ಗೆ ಮಾರ್ಮಲೇಡ್ ಬಳೀತೀಯೇನೋ, ದಡ್ಡ?”

“ನನ್ನ ಯಾಕೆ ಬೈತೀಯ? ಅಮ್ಮಾನೇ ಇಟ್ಕೋ ಅಂದ್ಲು.”

ನೀನೂನಾ, ಅಮ್ಮಾ!

ಹಡಗು ನಮ್ಮನ್ನು ಬಿಟ್ಟು ಹೋಯಿತು. ಬಾಟಲಿಗಳನ್ನು ಹೊರಿಸಿ, ಪೆಟ್ಟಿಗೆ ತರಲು ಅವನನ್ನು ಮನೆಯ ಕಡೆ ರೈಲು ಹತ್ತಿಸಿದೆ. ನಾಳೆಯ ಹಡಗಿಗೆ ಮೊದಲು ಪೆಟ್ಟಿಗೆ ಬರದಿದ್ದರೆ ಅವನಿಗೆ ಈ ಕಾರಿನಲ್ಲಿ ಜಾಗವಿಲ್ಲ.

ಕಾರಿನಡಿ ಮಲಗಿ ಹಿಡಿದ ನನ್ನ ಸೊಂಟನೋವು ಈಗ ಪರವಾಗಿಲ್ಲ. ಒಂದು ಬಾಟಲಿ ನಾನೇ ಇಟ್ಟುಕೊಂಡು ಅರ್ಧ ಮುಗಿಸಿದ್ದೇನೆ. ರುಚಿಯಾಗಿದೆ, ಆದರೆ ಸಿಟ್ಟು ಇಳಿಯಿತೆಂದು ತಿಳಿಯಬೇಡ.

ಅಂಚೆಯವನು ಡಬ್ಬಿ ತೆರೆಯುತ್ತಿದ್ದಾನೆ, ಇಲ್ಲಿಗೆ ಮುಗಿಸುತ್ತೇನೆ,
ವಿನ್ನಿ